ಉಡಿಯಲ್ಲಿ ಬೀಳಬೇಕಿದ್ದ ಬದನಿಕೆ

ಹೋಳಿ ಹುಣ್ಣಿಮೆ ಇನ್ನೂ ವಾರವಿರುವಾಗ ರೋಣದ ನಮ್ಮ ಶಾಲೆಯ ಹುಡುಗಿಯೊಬ್ಬಳು ನನ್ನ ಮೇಜಿನ ಮೇಲೆ ಒಂದು ಟೊಂಗೆ ತಂದಿಟ್ಟಳು. ಪರಾವಲಂಬಿ ಸಸ್ಯಗಳ ಪಾಠ ನಡೆದಿತ್ತು. ಸಿಕ್ಕರೆ ಒಂದು ಬದನಿಕೆ ತನ್ನಿ ಎಂದು ಹಿಂದಿನ ದಿನ ನಾನೇ ಹೇಳಿದ್ದೆ. ದಪ್ಪ ದಪ್ಪ ಎಲೆ, ನಡುವೆ ಕಿತ್ತಳೆ ಬಣ್ಣದ ಉದ್ದನೆಯ ಹೂವು, ಬುಡದ ಕಡೆ ನಾಲ್ಕೈದು ಹಣ್ಣು. ಮಕ್ಕಳಿಗೆ ತೋರಿಸಲು ಒಂದು ಹಣ್ಣನ್ನು ಹಿಚುಕಿದೆ. ಬೀಜ ಹೆಬ್ಬೆರಳಿಗೆ ಅಂಟಿತು. ತೋರುಬೆರಳಿನಿಂದ ತೆಗೆಯಹೋದರೆ ಅದಕ್ಕೂ ಅಂಟಿ, ಎರಡರ ನಡುವೆ ನೂಲಿನ ಹಾಗೆ ಎಳೆ ಬಂತು. ಮಕ್ಕಳು ನಕ್ಕರು. ನಾನೂ ನಗಬೇಕಿತ್ತು... ಹಾಜರಿ ಪುಸ್ತಕಕ್ಕೆ ಒರೆಸಿದೆ, ಗೋಡೆಗೆ ಒರೆಸಿದೆ, ಬಿಡಲಿಲ್ಲ. ಕೈ ತೊಳೆಯುವ ನೆಪ ಹೇಳಿ ನಲ್ಲಿಯ ಹತ್ತಿರ ಹೋದವಳು ಅಲ್ಲಿಯೇ ಅತ್ತುಬಿಟ್ಟೆ. ಐವತ್ತು ದಾಟಿದ ವಿಜ್ಞಾನದ ಟೀಚರು ಒಂದು ಅಂಟುಬೀಜಕ್ಕೆ ಅಳುವುದೆಂದರೆ!

ಆ ಬೀಜವನ್ನು ಮೊದಲ ಸಲ ನನ್ನ ಬೆರಳಿಗೆ ಅಂಟಿಸಿ ನಕ್ಕವರು ಜಕ್ಕಲಿಯಲ್ಲಿ ನಮ್ಮ ಎದುರುಮನೆಯ ಅಳಿಯ.

ನಾನು ನರಗುಂದದಿಂದ ಜಕ್ಕಲಿಗೆ ಸೊಸೆಯಾಗಿ ಹೋಗಿ ಇಪ್ಪತ್ತೆಂಟು ವರ್ಷವಾಯಿತು. ಬಿ.ಎಸ್ಸಿ. ಮುಗಿಸಿದ್ದೆ, ಸಸ್ಯಶಾಸ್ತ್ರ ಓದಿದ್ದೆ, ಜಗತ್ತಿನ ಗಿಡಗಳೆಲ್ಲ ನನ್ನನ್ನು ಕೇಳಿಯೇ ಚಿಗುರುತ್ತವೆ ಎಂಬ ಜಂಬ ಬೇರೆ. ನನ್ನ ಗಂಡನದು ಗದಗಿನಲ್ಲಿ ನೌಕರಿ, ವಾರಕ್ಕೊಮ್ಮೆ ಬರುವವರು. ಮೈದುನ ಹೊರಗೆ ಓದುತ್ತಿದ್ದ, ಮನೆಯಲ್ಲಿ ನಾನು ಮತ್ತು ನಮ್ಮ ಅತ್ತೆ. ಹೊಸ ಸೊಸೆಗೆ ತವರೂರಿನ ಕಡೆಯಿಂದ ನಾಯಿ ಬಂದರೂ ಮಾತಾಡಿಸುವ ಆಸೆ. ಇನ್ನು ಎದುರುಮನೆಯ ಅಳಿಯ ನರಗುಂದದವರೇ ಎಂದು ತಿಳಿದ ದಿನ ನನಗೆ ಹಬ್ಬವಾಯಿತು. ಅಂದಿನಿಂದ ಅವರು ನನಗೆ ಅಣ್ಣ, ಅವರಿಗೆ ನಾನು ತಂಗಿ. ಅವರ ಹೆಂಡತಿ ನನಗೆ ವೈನಿ.

ವೈನಿ ಆ ಮನೆಗೆ ಒಬ್ಬಳೇ ಮಗಳು. ಆಸ್ತಿ ಹೊರಗೆ ಹೋಗಬಾರದು, ಮಗಳೂ ಕಣ್ಣ ಮುಂದಿರಬೇಕು ಎಂದು ಅವಳ ತಂದೆ ಮನೆ ಅಳಿಯನನ್ನು ತಂದುಕೊಂಡಿದ್ದರು. ಆ ಹಿರಿಯರ ಹೆಂಡತಿ ಮೊದಲೇ ತೀರಿಹೋಗಿದ್ದಳು. ಅಣ್ಣ ಬಂದು ಇಪ್ಪತ್ತು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಬೆಳಗಾಗುವ ಮೊದಲೇ ಎದ್ದು ಎಮ್ಮೆ ಹಿಂಡುವುದು, ಹೊಲಕ್ಕೆ ಹೋಗುವುದು, ಮಾವನ ಕಾಲು ಒತ್ತುವುದು, ಎಲ್ಲವೂ ಅವರದೇ. ಆದರೂ ಓಣಿಯಲ್ಲಿ ಅವರಿಗಿದ್ದ ಹೆಸರು ‘ಬದನಿಕಿ’. ಯಾರದೋ ಗಿಡದ ಮೇಲೆ ಹತ್ತಿ ಕೂತು ಯಾರದೋ ರಸ ಹೀರುವವ ಎಂದು. ‘ಅಳಿಯ ಮನೆ ತೊಳಿಯ’ ಎಂಬ ಗಾದೆಯನ್ನು ಅವರ ಎದುರಿಗೇ ಆಡಿ ನಗುತ್ತಿದ್ದರು. ಅವರೂ ನಗುತ್ತಿದ್ದರು.

ನಾನೂ ಅವರಂತೆಯೇ ಊರು ಬಿಟ್ಟು ಇನ್ನೊಬ್ಬರ ಮನೆಗೆ ಬಂದವಳು. ಆದರೆ ನನಗೆ ‘ಮನೆ ಬೆಳಗಲು ಬಂದವಳು’ ಎಂದರು. ಗಂಡಸು ಬಂದರೆ ಬದನಿಕೆ, ಹೆಣ್ಣು ಬಂದರೆ ದೀಪ! ಈ ಅನ್ಯಾಯ ಆಗ ನನ್ನ ಕಣ್ಣಿಗೆ ಬೀಳಲಿಲ್ಲ. ಸುಳ್ಳೇಕೆ ಹೇಳಲಿ, ನಾನೂ ನಕ್ಕಿದ್ದೇನೆ. ಕಾಲೇಜಿನಲ್ಲಿ ಏನು ಕಲಿಸಿದರು ಎಂದು ನಮ್ಮ ಅತ್ತೆ ಒಮ್ಮೆ ಕೇಳಿದಾಗ ಪರಾವಲಂಬಿ ಎಂದರೇನೆಂದು ಬಿಡಿಸಿ ಹೇಳಿದೆ. “ಹಂಗಾರ ನಮ್ಮ ಎದರಮನಿ ಅಳ್ಯಾನ ಅನ್ನು” ಎಂದು ಅವರು ಜೋರಾಗಿ ನಕ್ಕರು. ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ. ಅಣ್ಣ ಎದುರು ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದರು. ಕೇಳಿಸಿರಲೇಬೇಕು.

ಅವರ ದನದ ಕೊಟ್ಟಿಗೆಯ ಹಿಂದೆ ದೊಡ್ಡ ಬೇವಿನ ಗಿಡವಿತ್ತು, ಹಿರಿಯರ ಅಜ್ಜ ಹಚ್ಚಿದ್ದು. ಅದರ ನಡುವಿನ ಟೊಂಗೆಯ ಮೇಲೆ ಬುಟ್ಟಿಯಷ್ಟಗಲದ ಬದನಿಕೆ. ಬೇಸಿಗೆಗೆ ಮುಂಚೆ ಬೇವು ಎಲೆ ಉದುರಿಸಿ ಬರಲಾದಾಗಲೂ ಅದೊಂದು ಮಾತ್ರ ಹಸಿರಾಗಿ ಕೂತಿರುತ್ತಿತ್ತು. ಅದನ್ನು ಕಡಿಯಿರಿ ಎಂದು ಎಲ್ಲರೂ ಹೇಳುವವರೇ. ಅಣ್ಣ ಕಡಿಯಲಿಲ್ಲ. ಎಮ್ಮೆಗೆ ಮೇವು ಹಾಕಿ ಬಂದು ಅದರ ಕೆಳಗೆ ಕೂತು ಮೇಲೆ ನೋಡುತ್ತಿದ್ದರು. ಹೆಬ್ಬೆಟ್ಟಿನಷ್ಟೇ ಇರುವ ಮಣ್ಣುಬಣ್ಣದ ಹಕ್ಕಿಯೊಂದು ಟಿಕ್ ಟಿಕ್ ಎನ್ನುತ್ತ ಬಂದು ಹಣ್ಣು ನುಂಗುವುದು, ಆಮೇಲೆ ಹಿಂಬದಿಗೆ ಅಂಟಿದ ಬೀಜ ಬಿಡದೆ ಟೊಂಗೆಗೆ ಉಜ್ಜಿ ಉಜ್ಜಿ ಒರೆಸುವುದು... ಅದನ್ನು ನನಗೆ ಮೊದಲು ತೋರಿಸಿದವರು ಅವರು. ಒರೆಸಿದಲ್ಲಿಯೇ ಬೀಜ ಬೇರು ಚುಚ್ಚುತ್ತದೆ. ಮೂರು ವರ್ಷ ಸಸ್ಯಶಾಸ್ತ್ರ ಓದಿದ ನಾನು ಪುಸ್ತಕದಲ್ಲಿ ಅಡ್ಡ ಸೀಳಿದ ಚಿತ್ರ ನೋಡಿದ್ದೆ, ಹಕ್ಕಿಯನ್ನು ನೋಡಿರಲಿಲ್ಲ. ಮೊಗ್ಗನ್ನು ಮೆಲ್ಲಗೆ ಒತ್ತಿದರೆ ಪಟ್ಟೆಂದು ಬಿಚ್ಚುವುದನ್ನೂ ಅವರೇ ತೋರಿಸಿದರು.

“ತಂಗಿ, ನೀ ಕಾಲೇಜ ಕಲತಾಕಿ, ಖರೇ ಹೇಳು. ಬದನಿಕಿ ಗಿಡದ್ದ ಎಲ್ಲಾ ತಿಂತೈತೇನು?”

“ಇಲ್ರಿ ಅಣ್ಣಾರ. ನೀರ ಅಷ್ಟ ಇಸ್ಕೊಂತೈತಿ. ಅಡಗಿ ತನ್ನ ಎಲಿಯೊಳಗ ತಾನ ಮಾಡ್ಕೊಂತೈತಿ.”

“ನೋಡವಾ! ಅಂದ್ರ ದುಡದ ಉಣ್ತೈತಿ. ನಮ್ಮ ಮಾವಗ ಒಂದೀಟ ತಿಳಿಸಿ ಹೇಳ ಮತ್ತ.”

ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ತಾಯಿಗೆ ಗಿಡಮೂಲಿಕೆಯ ತಿಳಿವಳಿಕೆ ಇತ್ತಂತೆ. ಬೇವಿನ ಬದನಿಕೆಯನ್ನು ಜೋಳ ತುಂಬುವ ನೆಲಗುಳಿಯ ಹಗೇವಿನಲ್ಲಿ ಇಟ್ಟರೆ ಕಾಳು ಬರ್ಕತ್ತಾಗಿ ಹೆಚ್ಚುತ್ತದೆ, ಮಾವಿನದನ್ನು ಸೊರಗಿದ ಕೂಸಿನ ತೊಟ್ಟಿಲಿಗೆ ಕಟ್ಟಬೇಕು, ಹೀಗೆ ಒಂದೊಂದು ಗಿಡದ್ದಕ್ಕೆ ಒಂದೊಂದು ಗುಣ. ಅವರು ಒಂದು ಕತೆಯನ್ನೂ ಹೇಳುತ್ತಿದ್ದರು. ಭೂಮಿತಾಯಿ ಗಿಡಗಳಿಗೆಲ್ಲ ಜಾಗ ಹಂಚುವ ದಿನ ಬದನಿಕೆ ಒಂದು ಹಸಿದ ಹಕ್ಕಿಗೆ ಉಣ್ಣಿಸುತ್ತ ನಿಂತು ತಡಮಾಡಿತಂತೆ. ಬಂದು ನೋಡಿದರೆ ಜಾಗವೆಲ್ಲ ಮುಗಿದಿತ್ತು. ಅಳುತ್ತ ನಿಂತಾಗ ಬೇವು, ಬಾ ನನ್ನ ಹೆಗಲ ಮೇಲೆ ಕೂಡು ಎಂದಿತಂತೆ. “ಕರದದ್ದಕ್ಕ ಬಂದೈತಿ ತಂಗಿ. ತಾನ ಬಂದ ಹತ್ತಿಲ್ಲ” ಎಂದು ಕತೆ ಮುಗಿಸುತ್ತಿದ್ದರು. ಅದು ಅವರ ತಾಯಿಯ ಕತೆಯೋ ಅವರೇ ಕಟ್ಟಿದ್ದೋ ನಾನು ಕೇಳಲಿಲ್ಲ.

ನನ್ನ ಮದುವೆಯ ಮರುವರ್ಷ ವೈನಿಯ ಹೊಟ್ಟೆಯಲ್ಲಿ ಗಡ್ಡೆ ಎಂದರು. ಗದಗಿಗೆ ಹೋದರು, ಹುಬ್ಬಳ್ಳಿಗೆ ಹೋದರು. ಕೊನೆಗೆ ದೊಡ್ಡ ದವಾಖಾನೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಗೆ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಅಣ್ಣ ಮಾತು ಕಡಿಮೆ ಮಾಡಿದರು. ವೈನಿಯ ತಲೆ ಬಾಚುವುದು, ಗಂಜಿ ಕುಡಿಸುವುದು ಎಲ್ಲ ತಾವೇ ಮಾಡುತ್ತಿದ್ದರು. ಗಂಡಸು ಹೆಂಡತಿಯ ತಲೆ ಬಾಚುವುದನ್ನು ನೋಡಲು ಓಣಿಯ ಹೆಂಗಸರು ನೆಪ ಹುಡುಕಿಕೊಂಡು ಹೋಗುತ್ತಿದ್ದರು.

ಆಗ ಯಾರೋ ನೆನಪು ಮಾಡಿದರು: ಪುಷ್ಯ ನಕ್ಷತ್ರ ಐತವಾರ ಕೂಡಿ ಬಂದ ದಿನ ಬೇವಿನ ಬದನಿಕೆ ತಂದು ರಟ್ಟೆಗೆ ಕಟ್ಟಿದರೆ ಎಂಥ ಬೇನೆಯೂ ಇಳಿಯುತ್ತದೆ. ಅದಕ್ಕೊಂದು ಕ್ರಮವಿದೆ. ಹಿಂದಿನ ಸಂಜೆ ಅರಿಶಿನ ಕುಂಕುಮ ಅಕ್ಕಿ ಹಾಕಿ, ಇಂಥವರಿಗಾಗಿ ನಾಳೆ ಕರೆಯಲು ಬರುತ್ತೇನೆ ಎಂದು ಹೇಳಿ ಬರಬೇಕು. ಮರುದಿನ ಹೊತ್ತು ಮೂಡುವ ಮೊದಲು ಕಬ್ಬಿಣ ಮುಟ್ಟಿಸದೆ ಕೈಯಿಂದಲೇ ಮುರಿಯಬೇಕು. ಎಂದೂ ಮಣ್ಣು ಕಾಣದ ಗಿಡವಾದ್ದರಿಂದ ಅದು ನೆಲಕ್ಕೆ ಬೀಳಬಾರದು. ಬಿದ್ದರೆ ಗುಣವೆಲ್ಲ ಭೂಮಿಗೆ.

ಅಣ್ಣ ತಾವೇ ಕರೆಯುತ್ತೇನೆ ಎಂದರು. ಹಿರಿಯರು ಒಪ್ಪಲಿಲ್ಲ.

“ಆ ಗಿಡಾ ನಮ್ಮಜ್ಜ ಹಚ್ಚಿದ್ದು. ನಮ್ಮ ಮನಿತನದ ಹೆಸರ್ಲೆ ಕರೀಬೇಕು. ನಿಂದ್ಯಾವ ಮನಿತನಾ?”

ಇಪ್ಪತ್ತು ವರ್ಷ ಆ ಮನೆಯ ಉಪ್ಪಿನ ಜೊತೆ ಬೆವರನ್ನೂ ಬೆರೆಸಿದ ಮನುಷ್ಯನಿಗೆ ಈ ಮಾತು. ಹಿರಿಯರು ಕೆಟ್ಟವರಲ್ಲ, ಮಗಳಿಗಾಗಿ ಹುಚ್ಚರಾಗಿದ್ದರು ಅಷ್ಟೆ. ಯಾವಗಲ್ಲ ಎಂಬ ಊರಿನಲ್ಲಿದ್ದ ತಮ್ಮನ ಮಗನಿಗೆ ಹೇಳಿಕಳಿಸಿದರು. ಅವನು ಶನಿವಾರ ಸಂಜೆಯೊಳಗೆ ಬರಬೇಕಿತ್ತು. ಬರಲಿಲ್ಲ, ಟ್ರ್ಯಾಕ್ಟರ್ ಬಾಡಿಗೆಗೆ ಹೋಗಿದೆ ಎಂದು ಹೇಳಿ ಕಳಿಸಿದ. ಮುಂದಿನ ಪುಷ್ಯದ ಐತವಾರಕ್ಕೆ ತಿಂಗಳುಗಳೇ ಇದ್ದವು. ಅಲ್ಲಿಯವರೆಗೆ ವೈನಿ ಇರುವುದಿಲ್ಲ.

ಆ ಸಂಜೆ ನಾನು ಸಗಣಿ ತರಲು ಅವರ ಕೊಟ್ಟಿಗೆಗೆ ಹೋದಾಗ ಅಣ್ಣ ಬೇವಿನ ಬುಡದಲ್ಲಿ ಕೈಮುಗಿದು ನಿಂತಿದ್ದರು. ಬುಡಕ್ಕೆ ಕುಂಕುಮ ಹಚ್ಚಿತ್ತು. ಮೇಲೆ ನೋಡುತ್ತ ಬದನಿಕೆಯ ಜೊತೆ ಮಾತಾಡುತ್ತಿದ್ದರು. “ನಾ ಈ ಮನಿ ಮಗಾ ಅಲ್ಲವಾ. ನೀನೂ ಈ ಗಿಡಕ್ಕ ಹುಟ್ಟಿದಾಕಿ ಅಲ್ಲ. ನನ್ನ ತ್ರಾಸ ನಿನಗರ ತಿಳೀಬೇಕು. ನಾಳೆ ಬರ್ತೀನಿ. ನನ್ನಾಕಿ ಸಲುವಾಗಿ ಬರಬೇಕು ನೀ.”

ನನ್ನ ಬುಟ್ಟಿ ಕೈಯಲ್ಲೇ ಉಳಿಯಿತು. ಅವರು ತಿರುಗಿ ನೋಡಿ ಸ್ವಲ್ಪ ನಾಚಿದರು. ಆಮೇಲೆ ಕೇಳಿದರು.

“ಬಿಡಸಾವನ ತಂಗಿ ಉಡ್ಯಾಗ ಬೀಳಬೇಕು ಅಂತ ನಮ್ಮವ್ವ ಹೇಳ್ತಿದ್ಲು. ನನಗಿಲ್ಲಿ ಯಾರದಾರವಾ? ನೀ ಇದನ್ನೆಲ್ಲಾ ನಂಬಬ್ಯಾಡ. ಉಡಿ ಅಷ್ಟ ಒಡ್ಡು.”

ನಾನು ನಂಬಿರಲಿಲ್ಲ. ಆದರೂ ಒಪ್ಪಿದೆ. ಅವರ ಮುಖ ನೋಡಿ ಯಾರೂ ಒಲ್ಲೆ ಎನ್ನುವಂತಿರಲಿಲ್ಲ.

ಮರುದಿನ ಇನ್ನೂ ನಸುಗತ್ತಲೆ. ಬೇಸಿಗೆ, ಊರೆಲ್ಲ ಹೊರಗೆ ಮಲಗುವ ಕಾಲ. ಸದ್ದಾಗದಂತೆ ಬಾಗಿಲು ತೆರೆದು ಹೋದೆ. ಅಣ್ಣ ಆಗಲೇ ಗಿಡ ಹತ್ತಿದ್ದರು. ನಾನು ಕೆಳಗೆ ಸೆರಗಿನ ಎರಡೂ ತುದಿ ಹಿಡಿದು ನಿಂತೆ. ಮೇಲೆ ಅವರು ಬರಿಗೈಯಿಂದ ಬದನಿಕೆಯನ್ನು ತಿರುವಿ ತಿರುವಿ ಮುರಿಯುತ್ತಿದ್ದರು. ಅದು ಸುಲಭಕ್ಕೆ ಬಿಡುವ ಜಾತಿಯಲ್ಲ. ಟೊಂಗೆಯೊಳಗೆ ಇಳಿದು ಗಂಟು ಕಟ್ಟಿರುತ್ತದೆ. ಅವರು ಏದುಸಿರು ಬಿಡುವುದು ಕೇಳುತ್ತಿತ್ತು. ಕೊನೆಗೊಮ್ಮೆ ಲಟಕ್ಕೆಂದಿತು. “ಹಿಡಿ ತಂಗಿ” ಎಂದರು.

ಅದೇ ಗಳಿಗೆಗೆ ಹಿಂದೆ ಯಾರೋ ಕೆಮ್ಮಿದ ಹಾಗಾಯಿತು.

ನನಗೆ ಏನು ತೋಚಿತು ಎಂದು ಈಗಲೂ ಸ್ಪಷ್ಟವಾಗಿ ನೆನಪಿದೆ. ಮದುವೆಯಾಗಿ ಎರಡು ವರ್ಷ ತುಂಬದ ಸೊಸೆ, ಆ ವಾರ ಗಂಡ ಊರಿಗೆ ಬಂದಿಲ್ಲ, ಬೆಳಗಿನ ಜಾವದಲ್ಲಿ ಪರಗಂಡಸಿನ ಮುಂದೆ ಸೆರಗು ಚಾಚಿ ನಿಂತಿದ್ದಾಳೆ... ಕೈಬಿಟ್ಟೆ. ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದುಕೊಂಡೆ. ಬದನಿಕೆ ನನ್ನ ಪಾದದ ಮೇಲೆ ಬಿದ್ದು, ಅಲ್ಲಿಂದ ಮಣ್ಣಿಗೆ ಉರುಳಿತು.

ಕೆಮ್ಮಿದ್ದು ಕೊಟ್ಟಿಗೆಯ ಎಮ್ಮೆ.

ಅಣ್ಣ ಇಳಿದು ಬಂದರು. ಬೈಯಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಎತ್ತಿಕೊಂಡು, ಒಂದೊಂದೇ ಎಲೆಯ ಧೂಳನ್ನು ಧೋತರದ ಚುಂಗಿನಿಂದ ಒರೆಸಿದರು. ನಾನು ಅಳಲು ಶುರು ಮಾಡಿದ್ದೆ. “ಅಳಬ್ಯಾಡ. ಲಗೂ ಮನೀಗೆ ಹೋಗು, ಯಾರರ ನೋಡ್ಯಾರು” ಎಂದರು. ಅಂಥ ಹೊತ್ತಿನಲ್ಲೂ ನನ್ನ ಮಾನದ ಚಿಂತೆ ಅವರಿಗೆ.

ವೈನಿಗೆ ಅವರು ನಿಜ ಹೇಳಲಿಲ್ಲ. ಸಂಜೆ ನಾನು ನೋಡಲು ಹೋದಾಗ ಅವಳ ರಟ್ಟೆಗೆ ಹಳದಿ ದಾರದಲ್ಲಿ ಬದನಿಕೆಯ ತುಂಡು ಕಟ್ಟಿತ್ತು. ಕಡ್ಡಿಯಂಥ ಕೈ ಎತ್ತಿ ವೈನಿ ನನ್ನ ಕೈ ಹಿಡಿದಳು. “ನಿನ್ನ ಉಡ್ಯಾಗ ಬಿತ್ತಂತಲ್ಲವಾ. ನಿನ್ನ ಉಡಿ ಯಾವಾಗ್ಲೂ ತುಂಬಿರ್ಲಿ” ಎಂದಳು. ಅಂದು ಅರ್ಧ ರೊಟ್ಟಿ ತಿಂದಳಂತೆ. ಅಣ್ಣ ಅದನ್ನು ಕಂಡಕಂಡವರಿಗೆಲ್ಲ ಹೇಳಿದರು.

ಹದಿನೇಳನೆಯ ದಿನ ವೈನಿ ಹೋದಳು.

ದಿನಕರ್ಮದ ದಿನ ಮನೆ ತುಂಬ ಜನ. ಯಾವಗಲ್ಲಿನ ತಮ್ಮನ ಮಗ ಈಗ ಬಂದಿದ್ದ. ಬೇವಿನ ಬುಡದಲ್ಲಿ ಬದನಿಕೆಯ ಒಣಗಿದ ಎಲೆ, ಮುರಿದ ಕಡ್ಡಿ ಬಿದ್ದದ್ದನ್ನು ನೋಡಿ ಬಂದು ಹಿರಿಯರ ಕಿವಿಯಲ್ಲಿ ಹೇಳಿದ. ಹಿರಿಯರು ಎಲ್ಲರೆದುರು ಅಳಿಯನನ್ನು ಕೇಳಿದರು: “ನೆಲಕ್ಕ ಬಿತ್ತೇನು?”

ನಾನು ಹೆಂಗಸರ ಸಾಲಿನಲ್ಲಿ ನಮ್ಮ ಅತ್ತೆಯ ಪಕ್ಕದಲ್ಲಿ ಕೂತಿದ್ದೆ. ಅಣ್ಣ ನನ್ನ ಕಡೆ ನೋಡಲೇ ಇಲ್ಲ.

“ಬಿತ್ರಿ. ನನ್ನ ಕೈಯಾಗಿಂದ ಜಾರಿತು” ಎಂದು ತಲೆ ತಗ್ಗಿಸಿದರು.

“ಪರಮನಿಯಾವ ಕರದಿ, ಮತ್ತ ಕೆಡವಿದಿ. ನನ್ನ ಮಗಳನ್ನ ನೀನ ತಿಂದಿ. ಬದನಿಕಿ ಅಂತ ಊರ ಸುಮ್ಮನ ಅನ್ನಲಿಲ್ಲ.”

ಯಾರೂ ಅಲ್ಲ ಎನ್ನಲಿಲ್ಲ. ನನ್ನ ಬಾಯಲ್ಲಿ ನಾಲಿಗೆ ಇತ್ತು. ಎದ್ದು ನಿಂತು, ಕೆಡವಿದ್ದು ನಾನು ಎನ್ನಲು ಎಷ್ಟು ಹೊತ್ತು? ಮಾತು ಬೆಳ್ಳಿ ಮೌನ ಬಂಗಾರ ಎಂದು ಶಾಲೆಯ ಗೋಡೆಯ ಮೇಲೆ ಬರೆಸುತ್ತೇವೆ. ಆ ದಿನದ ನನ್ನ ಮೌನಕ್ಕೆ ಬಂಗಾರವೆಂದವನ ಬಾಯಿಗೆ ಮಣ್ಣು ಹಾಕಬೇಕು. ಗಡ್ಡೆಗೆ ಬದನಿಕೆ ನೆಲಕ್ಕೆ ಬಿದ್ದರೇನು, ಉಡಿಯಲ್ಲಿ ಬಿದ್ದರೇನು, ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ವೈನಿ ಹೋದ ಮೇಲೆ ಆ ಮನೆಯಲ್ಲಿ ಅಣ್ಣ ಉಳಿಯುವುದೋ ಹೋಗುವುದೋ ಎಂಬುದು ಆ ಒಂದು ಪ್ರಶ್ನೆಗೆ ಬಂದು ನಿಂತಿತ್ತು. ಅದೂ ನನಗೆ ಗೊತ್ತಿತ್ತು. ನನ್ನನ್ನು ಬೈದಿದ್ದರೆ ನಾಲ್ಕು ದಿನ ಬೈಯುತ್ತಿದ್ದರು; ನನ್ನ ಬೆನ್ನಿಗೆ ಗಂಡನ ಮನೆಯಿತ್ತು, ತವರಿತ್ತು. ಅವರ ಬೆನ್ನಿಗೆ ಯಾರಿದ್ದರು?

ವಾರದೊಳಗೆ ಒಂದು ಕೈಚೀಲ ಹಿಡಿದು ನಮ್ಮ ಹೊಸ್ತಿಲಿಗೆ ಬಂದರು. ಅತ್ತೆ ಪಕ್ಕದಲ್ಲೇ ಇದ್ದರು. “ಬರ್ತೀನಿ ತಂಗಿ” ಎಂದರು. ನಾನು ‘ಹೂಂ’ ಎಂದೆ. ಅಷ್ಟೆ... ನರಗುಂದದ ಬಸ್ಸಿಗೆ ಹೋದರು.

ಆಮೇಲೆ ತವರಿಗೆ ಹೋದಾಗಲೆಲ್ಲ ಅವರು ಹೋಗಿ ಸೇರಿದ ತಮ್ಮನ ಮನೆಯ ಓಣಿಯನ್ನು ತಪ್ಪಿಸಿ ಸುತ್ತು ಹಾಕಿ ಹೋಗುತ್ತಿದ್ದೆ. ಒಮ್ಮೆ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಎದುರಾದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಜೋಳದ ಅಡತಿ ಅಂಗಡಿಯಲ್ಲಿ ಚೀಲ ಹೊಲಿಯುವ ಕೆಲಸವಂತೆ. ನನ್ನ ಮಗಳಿಗೆ ಬಾಳೆಹಣ್ಣು ಕೊಡಿಸಿದರು. “ಮಾವಾರು ಹೊತ್ತಿಗೆ ಸರಿಯಾಗಿ ಉಣ್ತಾರಿಲ್ಲೋ?” ಎಂದು ಕೇಳಿದರು. ಉಣ್ಣುತ್ತಾರೆ ಎಂದೆ. ಈಗ ಹೇಳಿಯೇಬಿಡಬೇಕು ಎಂದುಕೊಳ್ಳುವಾಗ ಬಸ್ಸು ಬಂತು. ಬಸ್ಸು ಬರದಿದ್ದರೆ ಹೇಳುತ್ತಿದ್ದೆನೇ? ಗೊತ್ತಿಲ್ಲ. ಹಿರಿಯರು ಮರುವರ್ಷ ತೀರಿಕೊಂಡರು. ಅಣ್ಣ ಹೋದದ್ದು ಎರಡು ವರ್ಷದ ಹಿಂದೆ. ನನ್ನ ತಮ್ಮ ಎಂಟು ದಿನ ತಡವಾಗಿ, ಫೋನಿನಲ್ಲಿ ಬೇರೆ ಏನೋ ಮಾತಿನ ನಡುವೆ ಹೇಳಿದ.

ಮೊನ್ನೆ ನಲ್ಲಿಯ ಹತ್ತಿರ ಅತ್ತ ಮೇಲೆ ನನಗೆ ತಡೆಯಲಾಗಲಿಲ್ಲ. ಐತವಾರ ಜಕ್ಕಲಿಗೆ ಹೋದೆ. ಮೈದುನನ ಮನೆಯಲ್ಲಿ ಅತ್ತೆ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದರು, ಎಂಬತ್ತರ ಮೇಲಾಗಿದೆ. ಎದುರಿಗೆ ಕೂತು ಎಲ್ಲ ಹೇಳಿಬಿಟ್ಟೆ. ಜೀವನದಲ್ಲಿ ಮೊದಲ ಸಲ ಒಬ್ಬರ ಮುಂದೆ ಹೇಳಿದ್ದು. ಅವರು ಕುಟ್ಟುವುದನ್ನು ನಿಲ್ಲಿಸಲೂ ಇಲ್ಲ.

“ನನಗ ಗೊತ್ತೈತಿ. ಅವತ್ತ ಮಾಳಿಗಿ ಮ್ಯಾಲ ಮಲಗಿದ್ದೆ. ನೀ ಹೋಗೂದೂ ನೋಡೀನಿ, ಸೆರಗ ಬಿಟ್ಟದ್ದೂ ನೋಡೀನಿ.”

“ಮತ್ತ ಅವತ್ತ ಎಲ್ಲಾರ ಮುಂದ ಯಾಕ ಹೇಳ್ಲಿಲ್ರಿ ಅತ್ತಿ?”

“ಹೇಳಿದ್ರ ನಮ್ಮ ಮನಿ ಹೆಸರ ಬೀದಿಗೆ ಬರ್ತಿತ್ತು. ನೀ ನಮ್ಮಾಕಿ. ಅವ ಹ್ಯಾಂಗಿದ್ರೂ ಹೊರಗಿನಾವ, ಹೋಗಾವ ಹೋದ.”

ನೀ ನಮ್ಮಾಕಿ. ಸೊಸೆಯಾಗಿ ಬಂದ ಹೊಸದರಲ್ಲಿ ಆ ಒಂದು ಮಾತಿಗಾಗಿ ನಾನು ಎಷ್ಟು ಆಸೆಪಟ್ಟಿದ್ದೆ! ಅದು ನನಗೆ ಸಿಕ್ಕದ್ದು ಯಾವ ದಿನ ಎಂದು ಈಗ ತಿಳಿಯಿತು. ಅಣ್ಣ ಸುಳ್ಳು ಹೇಳಿ ತಲೆ ತಗ್ಗಿಸಿ ಕೂತ ದಿನ. ನಾವಿಬ್ಬರು ಹೆಂಗಸರು, ಇಬ್ಬರೂ ಬೇರೆ ಊರಿಂದ ಬಂದವರೇ, ಅಕ್ಕಪಕ್ಕ ಕೂತು ಒಬ್ಬ ಮನುಷ್ಯನನ್ನು ಬೀದಿಗೆ ಹಾಕಿದೆವು.

ಸಂಜೆಯ ಬಸ್ಸಿಗೆ ರೋಣಕ್ಕೆ ಮರಳಿದೆ. ನಾಳೆ ಮಕ್ಕಳ ಉಳಿದರ್ಧ ಪಾಠ ಮುಗಿಸಬೇಕು, ಮುಗಿಸುತ್ತೇನೆ. ಆದರೆ ಈ ಮಾತು ಕೇಳಬೇಕಾದವರು ಇನ್ನು ಯಾರೂ ಇಲ್ಲ. ವೈನಿ ಇಲ್ಲ, ಹಿರಿಯರಿಲ್ಲ, ನೀವೂ ಇಲ್ಲ. ಬದನಿಕಿ ನಿಮ್ಮ ಕೈಯಾಗಿಂದ ಜಾರಲಿಲ್ರಿ ಅಣ್ಣಾರ. ನಾ ಕೆಡವಿದೆ.